ಮಾಲ್ಡೀವ್ಸ್: ರೂಲ್ಸ್ ಮೇಲೆ ರೂಲ್ಸ್, ಕೇಳೋರು ಯಾರು?

ಅಟಾಲ್_ಮೇಷ್ಟ್ರು
ಎಲ್ರಿಗೂ ನಮಸ್ಕಾರ. ನಾನು ಮಾಲ್ಡೀವ್ಸ್‌ನ ಒಂದು ಸಣ್ಣ ದ್ವೀಪದ ಸ್ಕೂಲಲ್ಲಿ ಮೇಷ್ಟ್ರು, ಊರು ತೀರ್ಥಹಳ್ಳಿ ಕಡೆ. ಇಲ್ಲಿ ಸ್ಟಾಫ್‌ರೂಮಲ್ಲಿ ಲೋಕಲ್ ಟೀಚರ್‌ಗಳು ಬೆಳಿಗ್ಗೆ ಟೀ ಕುಡಿಯೋವಾಗ ಶುರು ಮಾಡಿದ್ರೆ ಬೆಲ್ ಹೊಡೆಯೋ ತನಕ ಸರ್ಕಾರಕ್ಕೆ ಬೈತಾರೆ, ಯಾವ ಪಾರ್ಟಿ ಇದ್ರೂ ಅಷ್ಟೇ. ಈಗಿನ ಸಿಟ್ಟು ಏನಂದ್ರೆ ಹೊಸ ತಂಬಾಕು ಕಾನೂನು. 2025 ನವೆಂಬರ್ 1ರಿಂದ, 2007ರ ಜನವರಿ 1 ಅಥ್ವಾ ಆಮೇಲೆ ಹುಟ್ಟಿದವರು ಜೀವಮಾನದಲ್ಲಿ ಸಿಗರೇಟ್ ಕೊಳ್ಳೋ ಹಾಗಿಲ್ಲ, ಸೇದೋ ಹಾಗಿಲ್ಲ. ಅಂಥವರಿಗೆ ಮಾರಿದ್ರೆ ಅಂಗಡಿಯವನಿಗೆ 50,000 ರುಫಿಯಾ ದಂಡ, ನಮ್ಮ ದುಡ್ಡಲ್ಲಿ ಎರಡೂವರೆ ಲಕ್ಷದ ಮೇಲೆ ಆಯ್ತು. ಅದಕ್ಕೂ ಮೊದ್ಲು 2024ರ ಕೊನೇಲಿ ವೇಪ್ (ಬ್ಯಾಟರಿ ಇ-ಸಿಗರೇಟ್) ಪೂರ್ತಿ ಬಂದ್ ಮಾಡಿದ್ರು, ಸೇದಿ ಸಿಕ್ಕಿಬಿದ್ರೆ 5,000. ಸಿಗರೇಟ್ ಸುಂಕ ಕಡ್ಡಿಗೆ 3 ರುಫಿಯಾ ಇದ್ದಿದ್ದು 8 ಆಯ್ತು. ಪ್ಲಾಸ್ಟಿಕ್ ಚೀಲಕ್ಕೆ 2023ರಿಂದ 2 ರುಫಿಯಾ.

ಓದೋಕೆ ಚೆನ್ನಾಗಿದೆ. ನಮ್ಮ ದ್ವೀಪದ ಜೆಟ್ಟಿ ಹಿಂದ್ಗಡೆ ಹೋಗಿ ನೋಡಿದ್ರೆ ಡೈಪರ್, ಎಣ್ಣೆ ಕ್ಯಾನು, ಹಾಲಿನ ಪೌಡರ್ ಡಬ್ಬ ಎಲ್ಲಾ ನೀರಿನ ಅಂಚಲ್ಲೇ ರಾಶಿ, ಕತ್ತಲಾದ್ಮೇಲೆ ಯಾರೋ ಬೆಂಕಿ ಹಾಕ್ತಾರೆ. ಯಾರು ಹಾಕ್ತಾರೆ ಅಂತ ಇಡೀ ದ್ವೀಪಕ್ಕೆ ಗೊತ್ತು. ನನ್ನ ಜೊತೆ ಲೆಕ್ಕ ಪಾಠ ಮಾಡೋರು ಒಬ್ರು ಹೇಳೋದು, ನಮ್ಮ ಸರ್ಕಾರಕ್ಕೆ ಕಾನೂನು ತರೋದು ಇಷ್ಟ, ತಂದ್ಮೇಲೆ ಅದನ್ನ ಸಾಕೋದು ಇಷ್ಟ ಇಲ್ಲ ಅಂತ. ಐದು ಲಕ್ಷ ಚಿಲ್ಲರೆ ಜನಸಂಖ್ಯೆ ಇರೋ ದೇಶದಲ್ಲೇ ಹಿಂಗಾದ್ರೆ ಹೆಂಗೆ? ಇಲ್ಲಿ ಕೆಲಸ ಮಾಡ್ತಿರೋರು, ಮಾಡಿ ಬಂದೋರು ಏನಂತೀರಾ?

ಬನಶಂಕರಿ_ಬಾಯ್
ಸರ್ ನಂಗಂತೂ ಇದು ಸೂಪರ್ ಕಾನೂನು ಅನ್ಸುತ್ತೆ. ನ್ಯೂಜಿಲೆಂಡ್‌ನವ್ರು ಇದೇ ಥರ ಮಾಡಿ ಜಾರಿಗೆ ಬರೋಕೆ ಮುಂಚೆನೇ ಸರ್ಕಾರ ಬದಲಾಗಿ ವಾಪಸ್ ತಗೊಂಡ್ರು, ಇವ್ರು ಮಾಡಿ ತೋರಿಸಿದ್ದಾರೆ. ನಮ್ಮ ಕರ್ನಾಟಕದಲ್ಲಿ 2025ರಲ್ಲಿ ತಂಬಾಕು ಕೊಳ್ಳೋ ವಯಸ್ಸು 21 ಮಾಡಿದ್ರು, ಪಬ್ಲಿಕ್ಕಲ್ಲಿ ಸೇದಿದ್ರೆ ದಂಡ 200 ಇದ್ದಿದ್ದು 1000 ಮಾಡಿದ್ರು, ನಮ್ಮ ಏರಿಯಾ ಬೀಡಾ ಅಂಗಡೀಲಿ ಯೂನಿಫಾರ್ಮ್ ಹಾಕಿರೋ ಹುಡುಗ್ರು ನಿಂತಿರ್ತಾರೆ, ಯಾರೂ ಕೇಳಲ್ಲ. ಸಣ್ಣ ದೇಶಕ್ಕೆ ಇದೆಲ್ಲ ಈಸಿ. ಸಿಂಗಾಪುರ ನೋಡಿ. ಜನಕ್ಕೆ ಶಿಸ್ತಿಲ್ಲ ಅಂದ್ರೆ ಸರ್ಕಾರ ಏನ್ ಮಾಡುತ್ತೆ, ಕಸ ಬಿಸಾಕೋರು ಅವರೇ, ಬೈಯೋರೂ ಅವರೇ.

ಮಾಲೆ_ಸಿಸ್ಟರ್
ಸಿಂಗಾಪುರದ ಹೆಸರು ಎಲ್ಲದಕ್ಕೂ ತರ್ಬೇಡಿ ಮಾರಾಯ್ರೆ. ಸಿಂಗಾಪುರ ಅಂದ್ರೆ ಒಂದು ಊರು, ಒಂದು ಪೊಲೀಸ್, ರಸ್ತೆಯಲ್ಲಿ ಹೋಗಿ ಮುಟ್ಲಿಕ್ಕೆ ಆಗ್ತದೆ. ಇಲ್ಲಿ ಜನ ಇರುವ ದ್ವೀಪಗಳೇ 180ರ ಮೇಲೆ, ಉತ್ತರದಿಂದ ದಕ್ಷಿಣಕ್ಕೆ 800 ಕಿಲೋಮೀಟರಿನಷ್ಟು ಉದ್ದಕ್ಕೆ ಚೆಲ್ಲಿಕೊಂಡಿವೆ. ಕೆಲವು ದ್ವೀಪದಲ್ಲಿ ಐನೂರು ಜನವೂ ಇಲ್ಲ. ಎಷ್ಟೋ ಜನ ರಾಜಧಾನಿ ಮಾಲೆಗೆ ಬಂದು ತುಂಬಿದ್ದಾರೆ, ದೇಶದ ಹತ್ತಿರ ಹತ್ತಿರ ನಲವತ್ತು ಪರ್ಸೆಂಟ್ ಜನ ಮಾಲೆ ಕಡೆಯಲ್ಲೇ ಉಂಟು. ಮಾಲೆ ದ್ವೀಪ ಎಷ್ಟು ದೊಡ್ಡದು ಗೊತ್ತುಂಟಾ? ಎರಡು ಚದರ ಕಿಲೋಮೀಟರ್ ಆಸುಪಾಸು. ನಾನು ಡ್ಯೂಟಿ ಮುಗಿಸಿ ರೂಮಿಗೆ ಹೋಗುವಾಗ ಫುಟ್‌ಪಾತಿನಲ್ಲಿ ಬೈಕು, ಬೈಕಿನ ಹಿಂದೆ ಕಸದ ಚೀಲ, ಅದರ ಹಿಂದೆ ಇನ್ನೊಂದು ಬೈಕು. ಪಾರ್ಕಿಂಗ್ ರೂಲ್ ಎಷ್ಟು ಸಲ ಬದಲಾಯ್ತೋ ದೇವರಿಗೇ ಗೊತ್ತು. ನೋ ಪಾರ್ಕಿಂಗ್ ಬೋರ್ಡಿಗೇ ಬೈಕ್ ಒರಗಿಸಿ ಇಡ್ತಾರೆ.

ಶಿಸ್ತಿಲ್ಲ ಅನ್ನುವುದು ಸುಲಭ. ಇಡ್ಲಿಕ್ಕೆ ಜಾಗವೇ ಇಲ್ಲದವನು ಎಲ್ಲಿ ಇಡುವುದು ಹೇಳಿ.

ಹುಬ್ಳಿ_ಮಂದಿ
ಸಿಸ್ಟರ್ ಹೇಳಿದ್ದು ಖರೇ ಐತಿ. ನಾ ಹುಳುಮಾಲೆದಾಗ ಸೈಟ್ ಇಂಜಿನಿಯರ್ ಇದ್ದೆ. ಅದು 1997ರಿಂದ ಸಮುದ್ರಕ್ಕ ಮಣ್ಣು ತುಂಬಿ ಮಾಡಿದ ಊರು. ಮಾಲೆದಾಗ ಜಾಗ ಇಲ್ಲ ಅಂತ ಅಲ್ಲಿ ಫ್ಲಾಟ್ ಕಟ್ಟಿದ್ರು, ಆದ್ರ ಫ್ಲಾಟ್ ಯಾರಿಗೆ ಸಿಕ್ತು ಯಾರಿಗೆ ಇಲ್ಲ ಅನ್ನೂದ ಅಲ್ಲಿ ಮಂದಿ ಮುಖ್ಯ ಸಿಟ್ಟು ನೋಡ್ರಿ. ಪ್ರತಿ ಎಲೆಕ್ಷನ್ ಮುಂದ ಲಿಸ್ಟ್ ಬರತೈತಿ, ಎಲೆಕ್ಷನ್ ಆದಮ್ಯಾಲೆ ಲಿಸ್ಟ್ ರಿವ್ಯೂ. ನಮ್ಮ ಸೈಟ್ ಡ್ರೈವರ್ ಒಬ್ಬಾಂವ ಲೋಕಲ್, ಹೆಂಡ್ತಿ ಮಕ್ಕಳು ಅತ್ತಿ ಮಾವ ಎಲ್ಲಾ ಎರಡ ಖೋಲಿದಾಗ, ಪಗಾರದಾಗ ಅರ್ಧಕ್ಕಿಂತ ಹೆಚ್ಚು ಬಾಡಗಿಗೇ ಹೋಗ್ತಿತ್ತು. ಅಂವಗ ಸಿಗರೇಟ್ ಕಾನೂನು ಬಗ್ಗೆ ಕೇಳಿದ್ರ ನಗ್ತಿದ್ದ.

ಇನ್ನ ಒಂದು ಹೇಳ್ತೀನಿ, ಯಾರೂ ಬ್ಯಾಸರ ಮಾಡ್ಕೋಬ್ಯಾಡ್ರಿ. ಕಾನೂನು ಜಾರಿ ಆಗೂದ ಇಲ್ಲ ಅನ್ನೂದು ಸುಳ್ಳ. ಹೊರದೇಶದ ಕೂಲಿ ಮಂದಿ ಮ್ಯಾಲೆ ಬರೋಬರಿ ಜಾರಿ ಆಗತೈತಿ. 2024ರಾಗ ಎಲ್ಲಾ ಫಾರಿನ್ ಕೆಲಸಗಾರರ ಬೆರಳಚ್ಚು ತಗೊಳ್ಳಾಕ ಶುರು ಮಾಡಿದ್ರು, ದ್ವೀಪ ದ್ವೀಪಕ್ಕ ಹೋಗಿ ಹುಡುಕಿ ತಗೊಂಡ್ರು. ಅವಾಗ ಸಿಬ್ಬಂದಿ ಇತ್ತು, ಬೋಟ್ ಇತ್ತು, ಎಲ್ಲಾ ಇತ್ತು. ಅದ ಕೂಲಿ ಮಂದಿ ಎಲ್ಲಿ ಮಲಗ್ತಾರ ಅಂತ ನೋಡಾಕ ಮಾತ್ರ ಯಾರೂ ಇರಲಿಲ್ಲ. 2022 ನವೆಂಬರ್‌ದಾಗ ಮಾಲೆದಾಗ ಬೆಂಕಿ ಬಿದ್ದು 10 ಮಂದಿ ಸತ್ರಲ್ಲ, ಬಹುತೇಕ ನಮ್ಮ ದೇಶದವರ. ಕೆಳಗ ಗಾಡಿ ರಿಪೇರಿ ಗ್ಯಾರೇಜ್, ಮ್ಯಾಲೆ ಮಂದಿ ಒತ್ತೊತ್ತಿ ಮಲಗೂ ಖೋಲಿ, ಇದ್ದಿದ್ದು ಒಂದ ಕಿಡಕಿ. ಬಿಲ್ಡಿಂಗ್ ರೂಲ್ಸ್ ಇರಲಿಲ್ಲೇನು ಅವಾಗ?

ಬನಶಂಕರಿ_ಬಾಯ್
@ಹುಬ್ಳಿ_ಮಂದಿ ಅದು ಬೇರೆ ವಿಷ್ಯ ಸರ್, ಟಾಪಿಕ್ ತಂಬಾಕು ಮತ್ತೆ ಕಸ.

ಹುಬ್ಳಿ_ಮಂದಿ
ಬ್ಯಾರೆ ಹೆಂಗ ಆಗತೈತಿ ತಮ್ಮಾ. ಯಾರ ಮ್ಯಾಲೆ ರೂಲ್ ಹಾಕಿದ್ರ ಅವರು ತಿರುಗಿ ಓಟ್ ಹಾಕಂಗಿಲ್ಲೋ ಅವರ ಮ್ಯಾಲೆ ಜಾರಿ, ಉಳಿದವರಿಗೆ ಬೋರ್ಡು. ಅಷ್ಟ.

ಕುಂದಾಪ್ರ_ಶೆಫ್
ಹೋಯ್, ನಮ್ದೂ ಒಂದ್ ಮಾತ್ ಕೇಣಿ. ನಾನ್ ರೆಸಾರ್ಟ್ ಅಡುಗೆಮನೆಯಂಗ್ ಇಪ್ಪವ. ಇಲ್ಲ್ ಒಂದ್ ದೇಶ ಅಲ್ಲ ಮಾರ್ರೆ, ಎರಡ್ ದೇಶ. ಊರಿನ ದ್ವೀಪದಂಗೆ ಬಿಯರ್ ಕುಡಿದ್ರೆ ಜೈಲ್, ಹಂದಿ ಮಾಂಸ ಇಲ್ಲೆ, ಬಿಕಿನಿಗೆ ಬೇರೆ ಬೀಚ್ ಮಾಡಿ ಬೇಲಿ ಹಾಕಿರ್ತ್. ಅರ್ಧ ಗಂಟೆ ಸ್ಪೀಡ್‌ಬೋಟಂಗ್ ನಮ್ಮಲ್ಲಿಗ್ ಬಂದ್ರೆ ಎಲ್ಲ ಸಿಕ್ಕತ್. ಇದ್ ಮೊದ್ಲಿಂದ ಇಪ್ಪುದೆ, ಅದ್ರ ಬಗ್ಗೆ ಲೋಕಲ್ ಹುಡುಗ್ರಿಗೆ ಸಿಟ್ಟಿಲ್ಲೆ. ಸಿಟ್ಟ್ ಇಪ್ಪುದ್ ದುಡ್ಡಿನ್ ಮೇಲೆ. ಟೂರಿಸ್ಟ್ ಒಬ್ಬನಿಗೆ ದಿನಕ್ಕೆ ಗ್ರೀನ್ ಟ್ಯಾಕ್ಸ್ 6 ಡಾಲರ್ ಇದ್ದದ್ 2025 ಜನವರಿಯಿಂದ 12 ಡಾಲರ್, ಸಣ್ಣ ಗೆಸ್ಟ್‌ಹೌಸಂಗೆ 3 ಇದ್ದದ್ 6. ಹೆಸ್ರೇ ಗ್ರೀನ್. ನಮ್ ಸ್ಟೀವರ್ಡ್ ಹುಡ್ಗ ಒಬ್ಬ ಪಕ್ಕದ್ ಅಟಾಲಿನವ (ಅಟಾಲ್ ಅಂದ್ರೆ ದ್ವೀಪಗಳ ಗುಂಪು), ಅವ ಕೇಳುದ್ ಇಷ್ಟೇ, ಇಷ್ಟ್ ದುಡ್ಡ್ ಬಂದ್ರೂ ನಮ್ ಊರಿನ ಕಸ ತೆಗುಕೆ ಒಂದ್ ಬಾರ್ಜ್ ಸರೀ ಟೈಮಿಗ್ ಬತ್ತಿಲ್ಲೆ ಎಂತಕ್ಕೆ ಅಂದೇಳಿ.

ನಮ್ ರೆಸಾರ್ಟಂಗೆ ಕಸ ಸುಡು ಇನ್ಸಿನರೇಟರ್ ಇತ್ತ್, ಬಾಟ್ಲಿ ಪುಡಿ ಮಾಡು ಮಷೀನ್ ಇತ್ತ್, ಅನ್ನ ಮೀನು ಬೇರೆ ಬಕೆಟ್, ಡಬ್ಬ ಬೇರೆ ಬಕೆಟ್, ತಪ್ಪಿ ಹಾಕಿದ್ರೆ ಶೆಫ್‌ಗೆ ಬೈಗುಳ, ಅಂದ್ರೆ ನಂಗೆ. ಹಂಗಾರೆ ಮಾಡುಕ್ ಆತ್ತ್ ಅಂದಾಯ್ತಲ್ದಾ.

ಅಟಾಲ್_ಮೇಷ್ಟ್ರು
@ಕುಂದಾಪ್ರ_ಶೆಫ್ ಅದೇ ನೋಡಿ ಶೆಟ್ರೆ (ಶೆಟ್ರು ಅಂತ ಅಂದ್ಕೊಂಡಿದೀನಿ, ಅಲ್ಲದಿದ್ರೆ ಬೈಬೇಡಿ). ಬಾರ್ಜ್ ವಿಷ್ಯ ಸರಿಯಾಗಿ ಹೇಳಿದ್ರಿ. ನಮ್ಮಲ್ಲಿ ಕಸ ಬೇರ್ಪಡಿಸಿ ಅಂತ ಕೌನ್ಸಿಲ್‌ನಿಂದ ಬಣ್ಣಬಣ್ಣದ ಡಬ್ಬ ಕೊಟ್ರು, ಹೆಂಗಸರು ಶ್ರದ್ಧೆಯಿಂದ ಬೇರ್ಪಡಿಸಿದ್ರು, ಕೊನೆಗೆ ಒಂದೇ ಪಿಕಪ್ಪಲ್ಲಿ ಎಲ್ಲ ಒಟ್ಟಿಗೆ ಸುರಿದು ಅದೇ ಜೆಟ್ಟಿ ಹಿಂದಕ್ಕೆ ಹೋಯ್ತು. ಆಮೇಲೆ ಯಾರು ಬೇರ್ಪಡಿಸ್ತಾರೆ?

ಇನ್ನೊಂದು ನಾನು ಗಮನಿಸಿದ್ದು ಹೇಳ್ತೀನಿ. ಇಲ್ಲಿ ಹಡಗಲ್ಲಿ ಬರೋದನ್ನ ತಡಿಯೋದು ಸುಲಭ. ಅಕ್ಕಿ, ಈರುಳ್ಳಿ, ಸಿಮೆಂಟು ಎಲ್ಲಾ ಹೊರಗಿಂದಾನೇ ಬರ್ಬೇಕು, ಬಂದರಲ್ಲಿ ಕಸ್ಟಮ್ಸ್‌ನವ್ನು ಬೇಡ ಅಂದ್ರೆ ಮುಗೀತು. 2021 ಜೂನ್‌ನಲ್ಲಿ ಸ್ಟ್ರಾ, ಥರ್ಮಾಕೋಲ್ ಊಟದ ಡಬ್ಬ ಇವುಗಳ ಇಂಪೋರ್ಟ್ ನಿಲ್ಲಿಸಿದ್ರು, ನಮ್ಮ ಅಂಗಡೀಲಿ ನಿಧಾನಕ್ಕೆ ಕಾಣೆಯಾದ್ವು, ಯಾರೂ ಗಲಾಟೆ ಮಾಡ್ಲಿಲ್ಲ. ಆದ್ರೆ ಇಲ್ಲಿ ಒಳಗೆ ಬಂದ್ಮೇಲೆ ಒಬ್ಬ ಮನುಷ್ಯ ಇನ್ನೊಬ್ಬನ ಹತ್ರ ಹೋಗಿ "ಏಯ್ ಇದು ತಪ್ಪು, ದಂಡ ಕಟ್ಟು" ಅನ್ಬೇಕಲ್ಲ, ಅಲ್ಲಿ ನಿಂತೋಗುತ್ತೆ. ನಮ್ಮ ದ್ವೀಪದಲ್ಲಿ ಕೌನ್ಸಿಲ್ ಮೆಂಬರ್ ಅಂಗಡಿಯವನ ಷಡ್ಕ, ಪೊಲೀಸಿನವನ ಹೆಂಡತಿ ಅಂಗಡಿಯವನ ಅಕ್ಕ. ಸಾಯಂಕಾಲ ಎಲ್ರೂ ಒಂದೇ ಮರದ ಕೆಳಗೆ ಬಲೆ ಕುರ್ಚಿಯಲ್ಲಿ ಕೂತು ಅಡಿಕೆ ಚೂರು ಲವಂಗ ಜಗೀತಾರೆ. 50,000 ದಂಡದ ರಸೀದಿ ಬರೆದ್ರೆ ನಾಳೆ ಆ ಕುರ್ಚಿಗೆ ಹೋಗಿ ಕೂರೋಕಾಗುತ್ತಾ?

ಮಾಲೆ_ಸಿಸ್ಟರ್
ಮೇಷ್ಟ್ರೇ ನಿಮ್ಮ ಮಾತು ಅರ್ಧ ಒಪ್ತೇನೆ. ಹಡಗಲ್ಲಿ ಬರುವುದನ್ನು ತಡೆಯುವುದು ಸುಲಭ ಅಂತಾದ್ರೆ ವೇಪ್ ಹೇಗೆ ಇನ್ನೂ ಸಿಗ್ತದೆ? ಸಿಗರೇಟಿನ ಸುಂಕ ಹೆಚ್ಚಾದ ಮೇಲೆ ಕಳ್ಳ ಸಿಗರೇಟ್ ಬರ್ತಾ ಉಂಟು ಅಂತ ಇಲ್ಲಿ ಎಲ್ಲರೂ ಮಾತಾಡ್ತಾರೆ. ಡಾಲರ್ ಕಥೆಯೂ ಅದೇ. ಒಂದು ಡಾಲರಿಗೆ ಸರ್ಕಾರಿ ರೇಟ್ 15.42 ರುಫಿಯಾ, ಆ ರೇಟಿಗೆ ಬ್ಯಾಂಕಿನಲ್ಲಿ ಕೇಳಿದ್ರೆ ಕೊಡುವುದು ಇಷ್ಟೇ ಇಷ್ಟು. ಊರಿಗೆ ದುಡ್ಡು ಕಳಿಸ್ಲಿಕ್ಕೆ ನಮ್ಮ ಹಾಸ್ಟೆಲಿನ ಹುಡುಗಿಯರು ಹೊರಗೆ ಮೂರ್ನಾಲ್ಕು ರುಫಿಯಾ ಜಾಸ್ತಿ ಕೊಟ್ಟು ತಗೊಳ್ತಾರೆ. ಅದೂ ಕಾನೂನಿಗೆ ವಿರುದ್ಧವೇ. ಮಾರುವವನು ಎಲ್ಲಿ ಕೂರ್ತಾನೆ ಅಂತ ಇಡೀ ಬೀದಿಗೆ ಗೊತ್ತು, ಮೇಷ್ಟ್ರ ಜೆಟ್ಟಿ ಬೆಂಕಿಯ ಹಾಗೆ. ಅಲ್ಲಿ ಸಂಬಂಧ ಗಿಂಬಂಧ ಏನಿಲ್ಲ, ದುಡ್ಡು ಮಾತ್ರ.

ಆದ್ರೆ ಒಂದು ವಿಷಯದಲ್ಲಿ ನಾನು ಸರ್ಕಾರದ ಕಡೆ. ತಿಲಫುಶಿ ಅಂತ ಕಸದ ದ್ವೀಪ ಉಂಟಲ್ಲ, 1992ರಿಂದ ಲಗೂನಿಗೆ (ಹವಳದ ದಿಬ್ಬದ ಒಳಗಿನ ಆಳವಿಲ್ಲದ ಕಡಲಿಗೆ) ಕಸ ತುಂಬಿ ತುಂಬಿ ಆದದ್ದು, ಅಲ್ಲಿ ವರ್ಷಗಟ್ಟಲೆ ಬಯಲಲ್ಲಿ ಸುಡ್ತಿದ್ರು. ಗಾಳಿ ಈ ಕಡೆ ತಿರುಗಿದ ದಿನ ಟೆರೇಸಿನಲ್ಲಿ ಒಣಗಿಸಿದ ಯೂನಿಫಾರ್ಮು ಸುಟ್ಟ ರಬ್ಬರಿನ ವಾಸನೆ ಹೊಡೀತಿತ್ತು ಅಂತ ಹಳೆಯ ಸಿಸ್ಟರ್‌ಗಳು ಹೇಳ್ತಾರೆ. 2021ರಲ್ಲಿ ಆ ಬೆಂಕಿ ನಿಲ್ಲಿಸಿದ್ರು. ಅದು ಕಾನೂನು ಬರೆದು ಆದದ್ದಲ್ಲ, ಮಷೀನು ತಂದು ಕಸವನ್ನು ಕಟ್ಟಿ ಇಡ್ಲಿಕ್ಕೆ ಶುರು ಮಾಡಿದ್ರು, ಮತ್ತೆ ಸುಡುವ ಅಗತ್ಯ ಬರ್ಲಿಲ್ಲ. ದೂರದ ದ್ವೀಪಗಳಿಗೆ ಆ ಮಷೀನು ಇನ್ನೂ ಮುಟ್ಲಿಲ್ಲ, ಅಲ್ಲಿಗೆ ಮುಟ್ಟಿದ್ದು ದಂಡದ ಪಟ್ಟಿ ಮಾತ್ರ.

ಬನಶಂಕರಿ_ಬಾಯ್
ಓಕೆ ಸಿಸ್ಟರ್, ಕಸದ ಬಗ್ಗೆ ಒಪ್ಕೋತೀನಿ, ಮೊದ್ಲು ವ್ಯವಸ್ಥೆ ಕೊಡ್ಬೇಕು. ಆದ್ರೆ ತಂಬಾಕಿಗೆ ಏನ್ ವ್ಯವಸ್ಥೆ ಬೇಕು? ಸೇದ್ಬೇಡ ಅಂದ್ರೆ ಸೇದ್ಬಾರ್ದು, ಅಷ್ಟೇ. ಎಲ್ಲದಕ್ಕೂ "ಜಾರಿ ಆಗಲ್ಲ, ಸಂಬಂಧಿಕರು" ಅಂತ ಕೂತ್ರೆ ಯಾವ ಕಾನೂನೂ ಮಾಡೋ ಹಾಗಿಲ್ಲ. ಹತ್ತು ಜನರಲ್ಲಿ ಐದು ಹುಡುಗ್ರು ಹೆದರಿ ಶುರು ಮಾಡ್ಲಿಲ್ಲ ಅಂದ್ರೂ ಲಾಭ ಅಲ್ವಾ.

ಅಟಾಲ್_ಮೇಷ್ಟ್ರು
ಬೇಡ ಅಂತ ನಾನೂ ಹೇಳ್ತಿಲ್ಲಪ್ಪ. ನಮ್ಮ ಹತ್ತನೇ ಗ್ರೇಡ್ ಹುಡುಗ್ರಲ್ಲಿ ಯಾರು ಸೇದ್ತಾರೆ ಅಂತ ನಂಗೆ ಗೊತ್ತು, ವಾಸನೇನೇ ಹೇಳುತ್ತೆ. ಅಂಗಡಿಯವ್ನು ಹುಡುಗರ ಕೈಗೆ ಕೊಡಲ್ಲ ಈಗ, ನಿಜ. ಅಣ್ಣನ ಕೈಗೆ ಕೊಡ್ತಾನೆ. ಅಣ್ಣ ಹುಟ್ಟಿದ್ದು 2005, ತಮ್ಮ ಹುಟ್ಟಿದ್ದು 2008, ಇಬ್ರೂ ಒಂದೇ ಬೈಕಲ್ಲಿ ಹೋಗ್ತಾರೆ. ಸ್ಟಾಫ್‌ರೂಮಲ್ಲಿ ಜಗಳ ಆಗಿದ್ದೂ ಅದಕ್ಕೇನೇ, ಸ್ಕೂಲಿಂದ ಯಾರಾದ್ರೂ ಕಂಪ್ಲೇಂಟ್ ಕೊಡ್ಬೇಕು ಅಂತ ಒಬ್ರು ಅಂದ್ರು, ಹುಡುಗನ ಮೇಲೆ ಕೊಡೋದಾ ಅಣ್ಣನ ಮೇಲೆ ಕೊಡೋದಾ ಅಂತ ಇನ್ನೊಬ್ರು ಕೇಳಿದ್ರು, ಆಮೇಲೆ ಪ್ರಿನ್ಸಿಪಾಲರು ಆ ಅಣ್ಣ ತಮ್ಮಂದಿರ ಚಿಕ್ಕಪ್ಪ ಅಂತ ಎಲ್ರಿಗೂ ನೆನಪಾಯ್ತು. ಅಲ್ಲಿಗೆ ಟೀ ಖಾಲಿ.

ನೀರಿನ ವಿಷ್ಯನೂ ಹೇಳ್ಬಿಡ್ತೀನಿ, ಪ್ಲಾಸ್ಟಿಕ್ ಬೇಡ ಅನ್ನೋರಿಗೆ ಇದು ಗೊತ್ತಿರ್ಲಿ. ನಮ್ಮ ದ್ವೀಪದಲ್ಲಿ ಕುಡಿಯೋಕೆ ಮಳೆನೀರು, ಮನೆಮನೆಗೂ ದೊಡ್ಡ ಟ್ಯಾಂಕ್. ಜನವರಿಯಿಂದ ಏಪ್ರಿಲ್ ತನಕ ಮಳೆ ಕಮ್ಮಿ, ಟ್ಯಾಂಕ್ ತಳ ಕಾಣುತ್ತೆ, ಆಮೇಲೆ ಬಾಟ್ಲಿನೇ ಗತಿ. ಬಾಟ್ಲಿ ದೋಣೀಲಿ ಬರುತ್ತೆ, ಖಾಲಿ ಬಾಟ್ಲಿ ವಾಪಸ್ ಹೋಗಲ್ಲ.

ಹುಬ್ಳಿ_ಮಂದಿ
ಮಾಲೆದಾಗೂ ನೀರಿನ ಭರವಸೆ ಇಲ್ಲ ಅನ್ನೂದು 2014 ಡಿಸೆಂಬರ್‌ದಾಗ ಗೊತ್ತಾತಲ್ರೀ. ಉಪ್ಪುನೀರು ಸಿಹಿ ಮಾಡೂ ಪ್ಲಾಂಟ್‌ಗೆ ಬೆಂಕಿ ಬಿತ್ತು, ಇಡೀ ರಾಜಧಾನಿಗೆ ನಳ ಬಂದ್. ಅಂಗಡಿ ಮುಂದ ಬಾಟ್ಲಿಗೆ ಹೊಡದಾಟ. ನಮ್ಮ ಏರ್‌ಫೋರ್ಸ್ ವಿಮಾನದಾಗ ನೀರು ತುಂಬಿ ಕಳಿಸಿದ್ರು, ನೇವಿ ಹಡಗು ಹೋತು. ಅದನ್ನ ಕಂಡ ಮಂದಿ ಮನ್ಯಾಗ ಬಾಟ್ಲಿ ಕೇಸ್ ಇಡದ ಇರ್ತಾರೇನು?

ಕುಂದಾಪ್ರ_ಶೆಫ್
ಅಲ್ದಾ. ಬನಶಂಕರಿಯವ್ರೆ ನೀವ್ ಒಂದ್ಸಲ ಬನ್ನಿ, ರೆಸಾರ್ಟಿಗಲ್ಲ, ಮೇಷ್ಟ್ರ ದ್ವೀಪಕ್ಕೆ. ಮೀನ್ ಸಾರ್ ಮಾತ್ರ ಲಾಯ್ಕ್ ಇರತ್ತ್.

ಎರಡ್ಸಾವಿರದೇಳು
ಅಣ್ಣಾವ್ರೆ ಮಧ್ಯ ಬಂದಿದ್ದಕ್ಕೆ ಸಾರಿ. ನಾನು ಹುಟ್ಟಿದ್ದು 2007 ಫೆಬ್ರವರಿ, ಅಕ್ಕ ಭಾವನ ಜೊತೆ ಮಾಲ್ಡೀವ್ಸ್‌ಗೆ ಬರ್ತಿದೀವಿ. ಈ ರೂಲ್ ಟೂರಿಸ್ಟ್‌ಗಳಿಗೂ ಇದೆಯಾ? ಫ್ರೆಂಡ್ ಒಬ್ನು ಇಲ್ಲ ಅಂತಾನೆ.

ಮಾಲೆ_ಸಿಸ್ಟರ್
ಉಂಟು. ಟೂರಿಸ್ಟಿಗೂ ಅದೇ ರೂಲ್. ವೇಪ್ ಅಂತೂ ತರ್ಲೇಬೇಡಿ, ವಯಸ್ಸು ಎಷ್ಟೇ ಇರ್ಲಿ, ಏರ್‌ಪೋರ್ಟಿನ ಸ್ಕ್ಯಾನರಿನಲ್ಲೇ ಹಿಡೀತಾರೆ. ಡ್ಯೂಟಿ ಫ್ರೀ ಮದ್ಯದ ಬಾಟ್ಲಿಯನ್ನೂ ಭಾವನಿಗೆ ತರ್ಬೇಡಿ ಅಂತ ಹೇಳಿ, ತೆಗೆದಿಟ್ಟುಕೊಂಡು ರಸೀದಿ ಕೊಡ್ತಾರೆ, ವಾಪಸ್ ಹೋಗುವಾಗ ತಗೊಳ್ಳಬೇಕು.

ಎರಡ್ಸಾವಿರದೇಳು
ಥ್ಯಾಂಕ್ಸ್ ಅಕ್ಕಾ. ರೆಸಾರ್ಟ್ ಅಂಗಡೀಲೂ ಪಾಸ್‌ಪೋರ್ಟ್ ನೋಡ್ತಾರಾ?

ಅಟಾಲ್_ಮೇಷ್ಟ್ರು
ನೋಡ್ಬೇಕು ಅಂತ ರೂಲ್ ಇದೆ. ನೋಡ್ತಾರಾ ಅಂತ ಶೆಫ್ ಹೇಳ್ಬೇಕು.

ಕುಂದಾಪ್ರ_ಶೆಫ್
ನಾ ಅಡುಗೆಮನೆಯವ ಮಾರ್ರೆ, ಕೌಂಟರಂಗ್ ಎಂತ ಆತ್ತ್ ಅಂದೇಳಿ ನಂಗ್ ಗೊತ್ತಿಲ್ಲೆ 🙂 ತಮ್ಮಾ ನೀ ಬಂದ್ರೆ ಹೇಳ್, ನೀರ್‌ದೋಸೆ ಮಾಡಿ ಕೊಡ್ತೆ, ಅದ್ಕೆ ಪಾಸ್‌ಪೋರ್ಟ್ ಬೇಡ.