ಐವತ್ತು ಬಾಕ್ಸಿನ ಲೆಕ್ಕ

(ಫೋರ್ಡ್ ಕಂಪನಿ ತನ್ನ ಎಲೆಕ್ಟ್ರಿಕ್ ಪಿಕಪ್ಪನ್ನು ನಿಲ್ಲಿಸಿದ ಸುದ್ದಿಯನ್ನು ಚಿಕ್ಕಪ್ಪ ಮುಳಬಾಗಿಲಿನ ನಮ್ಮ ಮನೆಯವರ ಗುಂಪಿಗೆ ಹಾಕಿದ ಮೇಲೆ ನಡೆದ ಮಾತುಕತೆ.)

ಚಿಕ್ಕಪ್ಪ: ಅಳಿಯಂದಿರು ಗಾಡಿಗೆ ಮುಂಗಡ ಕೊಡುವ ಮೊದಲು ಓದಲಿ ಎಂದೇ ಇದನ್ನು ಹಾಕಿದ್ದೇನೆ. 2021ರಲ್ಲಿ ಎಫ್-150 ಲೈಟ್ನಿಂಗ್ ಎಂಬ ಆ ಪಿಕಪ್ಪು ನಲವತ್ತು ಸಾವಿರ ಡಾಲರಿಗೆ ಸಿಗುತ್ತದೆಂದು ಸಾರಿದವರು, ಎರಡು ವರ್ಷ ತುಂಬುವಷ್ಟರಲ್ಲಿ ಆರಂಭದ ಬೆಲೆಯನ್ನು ಅರವತ್ತು ಸಾವಿರದ ಹತ್ತಿರಕ್ಕೆ ಏರಿಸಿ, ಕೊಳ್ಳುವವರು ಹಿಂಜರಿದಾಗ ಮತ್ತೆ ಇಳಿಸಿ, 2025ರ ಡಿಸೆಂಬರಿನಲ್ಲಿ ಆ ಗಾಡಿಯ ಸಹವಾಸವನ್ನೇ ಬಿಟ್ಟರು. ಅವರಿಗೇ ಗಿಟ್ಟದ್ದು ಟೊಮೆಟೊ ಸಾಗಿಸುವ ನಮಗೆ ಗಿಟ್ಟೀತೇ?

ಭಾವ: ಮಾವನವರೇ, ಆ ಗಾಡಿಯ ದೊಡ್ಡ ಬ್ಯಾಟರಿ 131 ಯೂನಿಟ್ ಕರೆಂಟು ಹಿಡಿಯುತ್ತದೆ, ನಾನು ನೋಡಿ ಬಂದಿರುವ ಟಾಟಾ ಏಸ್ ಪ್ರೊ ಇವಿ ಎಂಬ ಸಣ್ಣ ಎಲೆಕ್ಟ್ರಿಕ್ ಸರಕು ಗಾಡಿಯದು 14.4 ಯೂನಿಟ್. ಅವರ ಒಂದು ಗಾಡಿಯ ಬ್ಯಾಟರಿ ನಮ್ಮಂಥ ಒಂಬತ್ತಕ್ಕೆ ಸಾಕು. ಅಲ್ಲಿನವರು ಅದರ ಹಿಂದೆ ದೋಣಿಯನ್ನೋ ಟ್ರೇಲರನ್ನೋ ಕಟ್ಟಿಕೊಂಡು ದೂರದೂರಕ್ಕೆ ಹೋಗಬೇಕೆನ್ನುತ್ತಾರೆ, ಭಾರ ಎಳೆದರೆ ಓಡುವ ದೂರ ಅರ್ಧಕ್ಕೆ ಇಳಿಯುತ್ತದೆ. ನಮ್ಮ ತೋಟದಿಂದ ಕೋಲಾರದ ಮಂಡಿಗೆ ಹೋಗಿ ಬಂದರೆ ಎಂಬತ್ತು ಕಿಲೋಮೀಟರ್, ಅಷ್ಟೇ.

ಚಿಕ್ಕಪ್ಪ: ದೂರದ ಮಾತು ಒಪ್ಪಿದೆ, ಭಾರದ ಮಾತು ಹೇಳಿ. ಏಸ್ ಪ್ರೊ ಹೊರುವ ಭಾರವೆಂದು ಕಂಪನಿ ಬರೆದಿರುವುದು 750 ಕೆಜಿ. ಹದಿನೈದು ಕೆಜಿಯ ಬಾಕ್ಸ್ ಎಂದರೆ ಐವತ್ತು, ಅದರಲ್ಲಿ ಖಾಲಿ ಕ್ರೇಟಿನ ತೂಕ ಸೇರಿಲ್ಲ. ಆಷಾಢದಲ್ಲಿ ಕಾಯಿ ಕಿತ್ತ ದಿನ ಹಳೆಯ ಡೀಸೆಲ್ ಗಾಡಿಗೆ ಎಷ್ಟು ಏರಿಸುತ್ತೀರಿ?

ಅಕ್ಕ: ಎಂಬತ್ತು, ಚಿಕ್ಕಪ್ಪ. ಹಗ್ಗದ ಇನ್ನೊಂದು ತುದಿ ಹಿಡಿಯುವವಳು ನಾನೇ ಆದ್ದರಿಂದ ಸುಳ್ಳು ಹೇಳಲಾರೆ. ಹಿಂದಿನ ಕಮಾನು ಪಟ್ಟಿ ನೆಟ್ಟಗಾಗಿ, ಹಳ್ಳ ಸಿಕ್ಕಾಗಲೆಲ್ಲ ಟೈರು ಮಡ್‌ಗಾರ್ಡಿಗೆ ಉಜ್ಜಿ ಸುಟ್ಟ ರಬ್ಬರಿನ ವಾಸನೆ ಬರುತ್ತದೆ. 2023ರ ಜುಲೈನಲ್ಲಿ ಬಾಕ್ಸಿಗೆ ಎರಡು ಸಾವಿರ ದಾಟಿದಾಗ ಇವರು ಸೀಟಿನ ಪಕ್ಕದಲ್ಲೂ ಎರಡು ಬಾಕ್ಸ್ ಇಟ್ಟುಕೊಂಡು ಹೋಗಿದ್ದರು.

ದೊಡ್ಡಮ್ಮ: ಆ ಸಲ ನಮ್ಮ ಮನೆಯ ಸಾರಿಗೇ ಟೊಮೆಟೊ ಇರಲಿಲ್ಲ.

ನಾನು: ಬೆಲೆಯ ಲೆಕ್ಕವನ್ನು ಮಾಡಿಬಿಡೋಣ. 2025ರ ಜೂನ್‌ನಲ್ಲಿ ಏಸ್ ಪ್ರೊ ಬಿಡುಗಡೆಯಾದಾಗ ಪೆಟ್ರೋಲ್ ಗಾಡಿಯ ಷೋರೂಂ ಬೆಲೆ 3.99 ಲಕ್ಷದಿಂದ, ಇವಿಯದು 6.50 ಲಕ್ಷದಿಂದ ಶುರುವಾಗಿತ್ತು. ವ್ಯತ್ಯಾಸ ಎರಡೂವರೆ ಲಕ್ಷ. ಪೆಟ್ರೋಲಿಗೆ 103 ರೂಪಾಯಿ ಎಂದು ಹಿಡಿದು, ಅದು ಲೀಟರಿಗೆ ಹದಿನೆಂಟು ಕಿಲೋಮೀಟರ್ ಓಡಿಸಿದರೆ ಕಿಲೋಮೀಟರಿಗೆ ಐದೂಮುಕ್ಕಾಲು ರೂಪಾಯಿ. ಇವಿ ಒಮ್ಮೆ ಚಾರ್ಜ್ ಮಾಡಿದರೆ 155 ಕಿಲೋಮೀಟರ್ ಓಡುತ್ತದೆಂದು ಕಂಪನಿ ಹೇಳಿರುವುದನ್ನು ಲೋಡಿನಲ್ಲಿ ನೂರು ಎಂದಿಟ್ಟುಕೊಂಡು, ಯೂನಿಟ್ಟಿಗೆ ಏಳು ರೂಪಾಯಿ ಹಿಡಿದು, ಚಾರ್ಜಿಂಗಿನಲ್ಲಿ ಪೋಲಾಗುವುದನ್ನೂ ಸೇರಿಸಿದರೆ ಒಂದೂಕಾಲು ರೂಪಾಯಿ. ಉಳಿತಾಯ ನಾಲ್ಕೂವರೆ. ಹೆಚ್ಚಿಗೆ ಕೊಟ್ಟ ಹಣ ಹುಟ್ಟಬೇಕಾದರೆ ಸುಮಾರು 56,000 ಕಿಲೋಮೀಟರ್ ಓಡಿಸಬೇಕು.

ಭಾವ: ವರ್ಷಕ್ಕೆ ಮುನ್ನೂರು ದಿನ, ದಿನಕ್ಕೆ ಎಂಬತ್ತು. ಎರಡೂವರೆ ವರ್ಷದೊಳಗೆ ಮುಗಿಯಿತು.

ಚಿಕ್ಕಪ್ಪ: ಮುನ್ನೂರು ದಿನ ಕಾಯಿ ಕೀಳುವ ತೋಟ ನಮ್ಮ ಹೋಬಳಿಯಲ್ಲಿ ಯಾರದಿದೆ? ನಿಮ್ಮ ಸೀಜನ್ ನಾಲ್ಕು ತಿಂಗಳು. ಆ ನೂರಿಪ್ಪತ್ತು ದಿನವೇ ಓಡಿಸಿದರೆ ಆರು ವರ್ಷದ ಹತ್ತಿರ ಹೋಗುತ್ತದೆ, ಸಾಲದ ಬಡ್ಡಿ ಬೇರೆ. ಹಳೆಯ ಡೀಸೆಲ್ ಗಾಡಿಯನ್ನು ಯಾವತ್ತು ಬೇಕಾದರೂ ಮಾರಬಹುದು. ಆರು ವರ್ಷ ಸವೆದ ಬ್ಯಾಟರಿಯನ್ನು ನಂಬಿ ಯಾರು ಕೊಳ್ಳುತ್ತಾರೆ? ಇನ್ನೊಂದು ಮಾತು. ಎಲ್ಲರೂ ರಾತ್ರಿ ಚಾರ್ಜಿಗೆ ಹಾಕಿ ಮಲಗಿ ಎನ್ನುತ್ತಾರೆ, ಆದರೆ ನಮ್ಮ ಗಾಡಿ ರಾತ್ರಿಯೇ ಮಂಡಿಯ ಸಾಲಿನಲ್ಲಿ ನಿಂತಿರುತ್ತದಲ್ಲ.

ಭಾವ: ಹರಾಜು ಮುಗಿಸಿ ಮಧ್ಯಾಹ್ನ ಬಂದು ಮನೆಯ 15 ಆಂಪಿಯರ್ ಪ್ಲಗ್ಗಿಗೆ ಹಾಕುತ್ತೇನೆ. ಹಗಲು ಕರೆಂಟು ತೆಗೆದ ದಿನ ಕಷ್ಟವೆಂಬುದು ನಿಜ, ಅದಕ್ಕೆ ನನ್ನಲ್ಲಿ ಉತ್ತರವಿಲ್ಲ.

ಅಕ್ಕ: ಸೀಜನ್ ಇಲ್ಲದಾಗ ಕೋಲಾರದ ಕಿರಾಣಿ ಹೋಲ್‌ಸೇಲ್ ಅಂಗಡಿಯವರು ಹಳ್ಳಿ ಅಂಗಡಿಗಳಿಗೆ ಸರಕು ಹಾಕಲು ದಿನಬಾಡಿಗೆಗೆ ಕರೆಯುತ್ತಿದ್ದಾರೆ. ಐವತ್ತು ಅರವತ್ತು ಕಿಲೋಮೀಟರಿನ ಸುತ್ತು, ಭಾರವೂ ಕಡಿಮೆ. ಅದು ಖಾತ್ರಿಯಾದರೆ ಮಾತ್ರ ನಾನು ನನ್ನ ಬಳೆಯ ಮೇಲೆ ಸಾಲ ಎತ್ತಲು ಒಪ್ಪುತ್ತೇನೆ.

ಚಿಕ್ಕಪ್ಪ: ಆ ಬಾಡಿಗೆ ಇದ್ದರೆ ನನ್ನ ತಕರಾರು ಅರ್ಧ ಇಳಿಯಿತಮ್ಮ. ಆದರೆ ಎಂಬತ್ತು ಬಾಕ್ಸನ್ನು ಆ ಗಾಡಿಗೆ ಹೊರಿಸುವುದಿಲ್ಲವೆಂದು ಇವರು ಇಲ್ಲೇ ಬರೆದುಕೊಡಲಿ.

ಭಾವ: ಐವತ್ತು ದಾಟಿಸುವುದಿಲ್ಲ, ಹೆಚ್ಚಿಗೆ ಕಾಯಿ ಬಂದ ದಿನ ಬಾಡಿಗೆ ಗಾಡಿ ಕರೆಯುತ್ತೇನೆ. ಮಂಗಳವಾರ ಷೋರೂಮಿನವರು ಓಡಿಸಿ ನೋಡಲು ಗಾಡಿ ಕಳಿಸುತ್ತಾರಂತೆ.

ಚಿಕ್ಕಪ್ಪ: ಖಾಲಿ ಗಾಡಿಯಲ್ಲಿ ಕುಳಿತು ಮೆಚ್ಚಿಕೊಂಡು ಬರಬೇಡಿ. ನನ್ನ ಶೆಡ್ಡಿನಲ್ಲಿ ಕ್ರೇಟುಗಳಿವೆ, ಮರಳು ತುಂಬಿಸಿ ತೂಕ ಮಾಡಿಯೇ ಏರಿಸಿ. ಹೊರಡುವಾಗ ಒಂದು, ಮಂಡಿ ಗೇಟಿನಲ್ಲಿ ಒಂದು, ಮನೆಗೆ ಬಂದ ಮೇಲೆ ಒಂದು, ಹೀಗೆ ಬ್ಯಾಟರಿ ಮೀಟರಿನ ಮೂರು ಫೋಟೋಗಳನ್ನು ಈ ಗುಂಪಿಗೇ ಹಾಕಿ.