ಹಾಡಿನ ನಡುವೆ ಟೆಂಪೊ ಮತ್ತು ಟೈಮ್ ಸಿಗ್ನೇಚರ್ ಬದಲಿಸುವ ಸರಿಯಾದ ಕ್ರಮ ಯಾವುದು?

ಪ್ರಶ್ನೆ:
ರೀಪರ್ ಎಂಬ ರೆಕಾರ್ಡಿಂಗ್ ತಂತ್ರಾಂಶದಲ್ಲಿ ಒಂದು ಹಾಡನ್ನು ರೆಕಾರ್ಡ್ ಮಾಡುತ್ತಿದ್ದೇನೆ. ಮೊದಲ ಭಾಗ 4/4ರಲ್ಲಿ (ಒಂದು ಬಾರ್‌ಗೆ, ಅಂದರೆ ತಾಳದ ಒಂದು ಸುತ್ತಿಗೆ, ನಾಲ್ಕು ಬಡಿತ), 90 ಬಿಪಿಎಂ (ನಿಮಿಷಕ್ಕೆ 90 ಬಡಿತ) ವೇಗದಲ್ಲಿದೆ. 33ನೇ ಬಾರ್‌ನಿಂದ ಹದಿನಾರು ಬಾರ್‌ಗಳಷ್ಟು ಹಾಡು 6/8ಕ್ಕೆ (ಬಾರ್‌ಗೆ ಆರು ಎಂಟನೇ ನೋಟ್, ಅಂದರೆ ಮೂರು ಮೂರರ ಎರಡು ಬಡಿತ) ತಿರುಗಿ, 49ನೇ ಬಾರ್‌ನಲ್ಲಿ ಮತ್ತೆ 4/4ಕ್ಕೆ ಮರಳಬೇಕು. ಕೈಯಲ್ಲಿ ತಟ್ಟುವ ತಾಳದ ವೇಗ ಎಲ್ಲಿಯೂ ಬದಲಾಗಬಾರದು, ಬಡಿತದೊಳಗಿನ ನಡೆ ಮಾತ್ರ ಬದಲಾಗಬೇಕು ಎಂಬುದು ನನ್ನ ಅಪೇಕ್ಷೆ. ಕೊನೆಯ ಚರಣದ ಗಿಟಾರ್ ಮತ್ತು ಗಾಯನ ಈಗಾಗಲೇ ರೆಕಾರ್ಡ್ ಆಗಿವೆ. ಅವುಗಳ ವೇಗ ಕೆಡದಂತೆ ಇದನ್ನು ಮಾಡುವುದು ಹೇಗೆ?

ಉತ್ತರ 1:
ಟೆಂಪೊ ಮಾರ್ಕರ್ (ವೇಗ ಅಥವಾ ಟೈಮ್ ಸಿಗ್ನೇಚರ್ ಬದಲಾಗುವ ಜಾಗದ ಗುರುತು) ಹಾಕುವುದಕ್ಕೆ ಮುಂಚೆಯೇ ರೆಕಾರ್ಡ್ ಆಗಿರುವ ಎಲ್ಲ ಟ್ರ್ಯಾಕ್‌ಗಳ ಟೈಮ್‌ಬೇಸ್ ಅನ್ನು ‘ಟೈಮ್’ ಎಂದು ಬದಲಿಸಿಕೊಳ್ಳಿ. ಆಗ ಆಡಿಯೊ ತುಣುಕುಗಳು ಬಾರ್‌ಗಳ ಲೆಕ್ಕವನ್ನು ಬಿಟ್ಟು ಸೆಕೆಂಡುಗಳ ಲೆಕ್ಕದಲ್ಲಿ ನಿಲ್ಲುವುದರಿಂದ, ಟೆಂಪೊ ಎಷ್ಟು ಬದಲಾದರೂ ಅವು ಹಿಗ್ಗುವುದಿಲ್ಲ, ಕುಗ್ಗುವುದೂ ಇಲ್ಲ. ನಂತರ ಕರ್ಸರ್ ಅನ್ನು 33ನೇ ಬಾರ್‌ನ ಆರಂಭದಲ್ಲಿಟ್ಟು ಶಿಫ್ಟ್ ಮತ್ತು ಸಿ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟೆಂಪೊ ಮಾರ್ಕರ್‌ನ ಕಿಟಕಿ ತೆರೆದುಕೊಳ್ಳುತ್ತದೆ. ಅಲ್ಲಿ 6/8 ಕೊಡಿ. 49ರಲ್ಲಿ ಇನ್ನೊಂದು ಮಾರ್ಕರ್ ಇಟ್ಟು 4/4 ಮತ್ತು 90ಕ್ಕೆ ಮರಳಿ. 6/8ರ ಬಾರ್ ಚಿಕ್ಕದಾದ್ದರಿಂದ 49ನೇ ಬಾರ್ ಈಗ ಮೊದಲಿಗಿಂತ ಬೇಗ ಬರುತ್ತದೆ. ಆದುದರಿಂದ ಕೊನೆಯ ಚರಣದ ತುಣುಕುಗಳನ್ನೆಲ್ಲ ಒಟ್ಟಿಗೆ ಆಯ್ದು, ಒಂದೇ ಸಲಕ್ಕೆ ಅಲ್ಲಿಗೆ ಎಳೆದು ಕೂರಿಸಬೇಕು. ಗಾಯನದ ಸಾಲು ಮೊದಲ ಬಡಿತಕ್ಕಿಂತ ಮುಂಚೆಯೇ ಎತ್ತಿಕೊಳ್ಳುವಂತಿದ್ದರೆ ಗಾಯನದ ತುಣುಕನ್ನು ಹಿಡಿದು ಎಳೆಯಬೇಡಿ. ಬಾರ್‌ನ ಗೆರೆಗೆ ಸರಿಯಾಗಿ ಆರಂಭವಾಗುವ ಗಿಟಾರ್‌ನ ತುಣುಕನ್ನು ಹಿಡಿಯಿರಿ.

ಉತ್ತರ 2:
ಮೇಲಿನ ಕ್ರಮ ಸರಿಯಾಗಿದೆ, ಆದರೆ 33ರ ಮಾರ್ಕರ್‌ನಲ್ಲಿ ವೇಗವನ್ನು 90 ಎಂದೇ ಉಳಿಸಿದರೆ ನಿಮ್ಮ ಅಪೇಕ್ಷೆ ಈಡೇರುವುದಿಲ್ಲ. ರೀಪರ್‌ನಲ್ಲಿ ಬಿಪಿಎಂ ಎಣಿಸುವುದು ಕ್ವಾರ್ಟರ್ ನೋಟ್‌ಗಳನ್ನು (4/4ರ ಒಂದೊಂದು ಬಡಿತ; ಅದರ ಅರ್ಧವೇ ಎಂಟನೇ ನೋಟ್). 6/8ರಲ್ಲಿ ನಾವು ತಟ್ಟುವ ಬಡಿತವಾದರೋ ಮೂರು ಎಂಟನೇ ನೋಟ್‌ಗಳಷ್ಟು, ಅಂದರೆ ಒಂದೂವರೆ ಕ್ವಾರ್ಟರ್‌ನಷ್ಟು ಉದ್ದವಾಗಿರುತ್ತದೆ. ಚತುರಶ್ರ ನಡೆಯಿಂದ (ಬಡಿತಕ್ಕೆ ನಾಲ್ಕು ಭಾಗ) ತಿಶ್ರ ನಡೆಗೆ (ಬಡಿತಕ್ಕೆ ಮೂರು ಭಾಗ) ಹೋದಾಗ ತಾಳದ ಬಡಿತ ಹಾಗೆಯೇ ನಿಲ್ಲುವಂತೆ ಇಲ್ಲಿಯೂ ನಿಲ್ಲಬೇಕಾದರೆ, 90ನ್ನು ಒಂದೂವರೆಯಿಂದ ಗುಣಿಸಿ 135 ಎಂದು ಬರೆಯಬೇಕು. ಆಗ 6/8ರ ಒಂದು ಬಾರ್ ಸುಮಾರು 1.33 ಸೆಕೆಂಡಿನಲ್ಲಿ ಮುಗಿಯುತ್ತದೆ, ಅದು 4/4ರ ಬಾರ್‌ನ ನಿಖರವಾದ ಅರ್ಧ. 90 ಎಂದೇ ಬಿಟ್ಟರೆ ಅದೇ ಬಾರ್ 2 ಸೆಕೆಂಡು ಹಿಡಿದು, ಹಾಡು ಒಮ್ಮೆಲೇ ಭಾರವಾಗಿ ಕೇಳಿಸುತ್ತದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. 135 ಕೊಟ್ಟ ಮೇಲೆ ನಡೆ ಸರಿಯಾಗಿ ಕೂತಿತು. 33ಕ್ಕೆ ಮುಂಚಿನ ಎರಡು ಬಾರ್‌ಗಳಲ್ಲಿ ವೇಗವನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸಬಹುದೇ?

ಉತ್ತರ 3:
ಇಳಿಸಬಹುದು. 31ರಲ್ಲಿ ಒಂದು ಮಾರ್ಕರ್ ಇಟ್ಟು, ಮುಂದಿನ ಮಾರ್ಕರ್‌ವರೆಗೆ ವೇಗ ಕ್ರಮೇಣ ಬದಲಾಗಲಿ ಎಂಬ ಆಯ್ಕೆಗೆ ಗುರುತು ಹಾಕಿ. ಆದರೆ ಇಳಿಕೆ ಮುಂದಿನ ಮಾರ್ಕರ್‌ನ ಸಂಖ್ಯೆಯತ್ತಲೇ ಸಾಗುವುದರಿಂದ, 33ರ 135ಕ್ಕೆ ಏರಿಬಿಡದಂತೆ ಅದಕ್ಕಿಂತ ಕೊಂಚ ಮೊದಲೇ 80ರ ಇನ್ನೊಂದು ಮಾರ್ಕರ್ ಇರಬೇಕು. ಆ ಎರಡು ಬಾರ್‌ಗಳ ವಾದನವನ್ನು ಹೊಸ ಕ್ಲಿಕ್‌ಗೆ (ಬಡಿತ ತೋರಿಸುವ ಟಿಕ್ ಸದ್ದಿಗೆ) ಮತ್ತೆ ರೆಕಾರ್ಡ್ ಮಾಡುವುದೇ ಒಳ್ಳೆಯದು. ನುಡಿಸಿದ ಕೈ ನಿಧಾನವಾಗುವ ಬಗೆಯನ್ನು ಆಡಿಯೊ ಎಳೆದು ತರಲಾಗದು. ಟೆಂಪೊಗೆ ಕಟ್ಟಿದ ಡಿಲೇ (ಪ್ರತಿಧ್ವನಿ ಕೊಡುವ ಎಫೆಕ್ಟ್) ಇದ್ದರೆ ಅದನ್ನು ಮಿಲಿಸೆಕೆಂಡ್ ಲೆಕ್ಕಕ್ಕೆ ಬದಲಿಸಿ, 90ರ ಕ್ವಾರ್ಟರ್‌ಗೆ ಸುಮಾರು 667 ಎಂದು ಕೊಡಿ. ಇಲ್ಲವಾದರೆ ವೇಗ ಜಾರುವಾಗ ಹಲವು ಡಿಲೇಗಳಲ್ಲಿ ಪ್ರತಿಧ್ವನಿಯ ಶ್ರುತಿಯೂ ಜಾರುತ್ತದೆ.