ಪುಟ್ಟಿ, ಆ ಕ್ಲಾಸಿಗೆ ಸೇರ್ಕೋ

ಪುಟ್ಟಿ, ನಿನ್ನ ಮೆಸೇಜು ಬೆಳಗ್ಗೆನೇ ನೋಡ್ದೆ. ಟೈಪ್ ಮಾಡ್ತಾ ಕೂತ್ರೆ ಮಧ್ಯಾಹ್ನ ಆಗುತ್ತೆ, ಅದಕ್ಕೆ ಮಾತಾಡೇ ಕಳಿಸ್ತಿದೀನಿ. ಉದ್ದ ಆಗುತ್ತೆ, ಅಡುಗೆ ಮಾಡ್ಕೊಂಡು ಕೇಳು.

ಗುಂಪಲ್ಲಿ ಈಗ ನೋಡ್ತಿರೋರಿಗೆ ವಿಷಯ ಇಷ್ಟು. ಇವಳ ಆಫೀಸ್ ಹತ್ರದ ಡ್ರೈವಿಂಗ್ ರೇಂಜಲ್ಲಿ, ಅಂದ್ರೆ ಗಾಲ್ಫ್ ಚೆಂಡು ಹೊಡೆದು ಅಭ್ಯಾಸ ಮಾಡೋ ಮೈದಾನದಲ್ಲಿ, ಹೆಂಗಸರಿಗೆ ಅಂತಲೇ ಎಂಟು ವಾರದ ಗಾಲ್ಫ್ ಕ್ಲಾಸ್ ಶುರು ಮಾಡ್ತಿದಾರಂತೆ, ಶನಿವಾರ ಬೆಳಗ್ಗೆ ಏಳಕ್ಕೆ. 'ನಂಗೆ 39, ಶಾಲೇಲೂ ಯಾವ ಆಟಕ್ಕೂ ಹೋದೋಳಲ್ಲ, ಸೇರ್ಲಾ ಬೇಡ್ವಾ ಅತ್ತೆ' ಅಂತ ಕೇಳಿದಾಳೆ. ಅಣ್ಣ, ನೀನು ಅದರ ಕೆಳಗೇ 'ಅದು ದುಡ್ಡಿರೋ ಗಂಡಸರ ಆಟ, ಈ ವಯಸ್ಸಲ್ಲಿ ಯಾಕೆ' ಅಂತ ಹಾಕಿದೀಯ. ಅತ್ತಿಗೆ, ನೀವು ಬೆನ್ನು ಹಿಡ್ಕೊಂಡ್ರೆ ಏನು ಗತಿ ಅಂದಿದೀರ. ಅಳಿಯಂದ್ರು ಪಾಪ, 'ನಾನೇ ಹೇಳ್ಕೊಡ್ತೀನಿ, ಕ್ಲಾಸ್ ಯಾಕೆ' ಅಂದಿದಾರೆ. ಎಲ್ಲರಿಗೂ ಉತ್ತರ ಹೇಳ್ತೀನಿ. ಆದ್ರೆ ಮೊದಲು ಪುಟ್ಟಿಗೆ: ಸೇರ್ಕೋ. ಕ್ಲಾಸಿಗೇ ಸೇರ್ಕೋ. ಸುಮ್ನೆ ಹೋಗಿ ಚೆಂಡು ಹೊಡೆದು ಬರೋದು ಬೇಡ. ಆ ಎರಡಕ್ಕೂ ಎಷ್ಟು ವ್ಯತ್ಯಾಸ ಇದೆ ಅಂತ ನಾನು ಅನುಭವಿಸಿ ಹೇಳ್ತಿದೀನಿ.

ನಾನು ಮೊದಲು ಕೋಲು ಹಿಡಿದಾಗ ನನಗೆ 51. ಹೊಡೆಯೋದಕ್ಕೂ ಕ್ಲಬ್, ಸಂಘಕ್ಕೂ ಕ್ಲಬ್ ಅಂತಾರೆ, ಗಲಿಬಿಲಿ ಬೇಡ ಅಂತ ನಾನು ಕೋಲು ಅಂತಲೇ ಹೇಳ್ತೀನಿ. ಪರಿಚಯದವರ ಜೊತೆ ಒಂದು ರೇಂಜಿಗೆ ಹೋದೆ. ಬುಟ್ಟಿ ತುಂಬ ಚೆಂಡು ಕೊಟ್ರು, ಹೊಡೀರಿ ಅಂದ್ರು. ಹೊಡೆದೆ. ಹತ್ತರಲ್ಲಿ ಎಂಟು ನೆಲ ಸವರ್ಕೊಂಡು ಉರುಳಿ ಹೋಗ್ತಿತ್ತು. ಹಿಂದೆ ನಿಂತಿದ್ದೋರು ಒಬ್ಬರು 'ತಲೆ ಎತ್ತಬೇಡಿ ಮೇಡಂ' ಅಂದ್ರು. ಪಕ್ಕದೋರು ಬಂದು 'ಎಡಗೈ ನೆಟ್ಟಗಿಡಿ' ಅಂದ್ರು. ಮೂರನೆಯವರು ಕೇಳದೇನೇ ನನ್ನ ಕೋಲು ತಗೊಂಡು ಹೊಡೆದು ತೋರಿಸಿದ್ರು. ಆಟ ಆಡ್ತಿದ್ದ ಗಂಡಸರಿಗೆ ಯಾರೂ ಹೀಗೆ ಹೇಳ್ತಿರ್ಲಿಲ್ಲ, ನಾನು ನೋಡ್ತಾನೇ ಇದ್ದೆ. ಮೂರು ತಿಂಗಳು ಹೀಗೇ ಹೋಯ್ತು. ಅಂಗೈಯಲ್ಲಿ ಬೊಬ್ಬೆ, ಮೊಣಕೈಯಲ್ಲಿ ನೋವು. ಇನ್ನು ಸಾಕು ಅಂತ ತೀರ್ಮಾನ ಮಾಡಿಬಿಟ್ಟಿದ್ದೆ ಕಣೆ. ಆಟ ನನಗೆ ಬರಲ್ಲ ಅಂದ್ಕೊಂಡಿದ್ದೆ. ಬರಲ್ಲ ಅಂತ ಅಲ್ಲ, ಯಾರೂ ಕಲಿಸಿರ್ಲಿಲ್ಲ, ಅಷ್ಟೇ.

ಆಮೇಲೆ ಒಬ್ಬ ಮೇಷ್ಟ್ರು ಸಿಕ್ಕಿದ್ರು. ಮೊದಲನೇ ದಿನ ಅವರು ಚೆಂಡನ್ನೇ ತೆಗೆದಿಟ್ರು. ಇಪ್ಪತ್ತು ನಿಮಿಷ ಬರೀ ಹಿಡಿತ. ನಾನು ಕೋಲನ್ನ ಅಂಗೈ ಒಳಗೆ ಗಟ್ಟಿಯಾಗಿ ಮುಷ್ಟಿ ಕಟ್ಟಿ ಹಿಡೀತಿದ್ದೆ. ಅವರು ಒಂದೊಂದೇ ಬೆರಳು ಬಿಡಿಸಿದ್ರು. ಎಡಗೈಯಲ್ಲಿ ಕೋಲು ಬೆರಳುಗಳ ಬುಡದಲ್ಲಿ ಕೂರ್ಬೇಕು, ಅಂಗೈ ಮಧ್ಯಕ್ಕೆ ಹೋಗಬಾರ್ದು. ಬಲಗೈ ಕಿರುಬೆರಳು ಎಡಗೈ ತೋರುಬೆರಳಿಗೆ ಹೆಣೆದುಕೊಂಡಿರುತ್ತೆ. 'ಚಪಾತಿ ಲಟ್ಟಿಸ್ತೀರಲ್ಲ, ಲಟ್ಟಣಿಗೆ ಹೇಗೆ ಹಿಡೀತೀರಿ ಮೇಡಂ' ಅಂದ್ರು. ಬಿಗಿ ಹಿಡಿದು ಒತ್ತಿದ್ರೆ ಹಿಟ್ಟು ಅಂಟ್ಕೊಳ್ಳುತ್ತೆ, ಸಡಿಲ ಬಿಟ್ರೆ ಉರುಳಲ್ಲ. ಆ ಹದ ಹೇಳಿದ ಕೂಡಲೇ ಕೈಗೆ ಅರ್ಥ ಆಯ್ತು. ಮಾರನೇ ವಾರಕ್ಕೆ ಬೊಬ್ಬೆ ಇಲ್ಲ, ಮೊಣಕೈ ನೋವಿಲ್ಲ. ಅಂಗಡಿಯಲ್ಲಿ ಯಾವ ದುಬಾರಿ ಕೋಲು ಕೊಂಡಿದ್ರೂ ಆ ಇಪ್ಪತ್ತು ನಿಮಿಷ ಕೊಟ್ಟಿದ್ದನ್ನ ಕೊಡ್ತಿರ್ಲಿಲ್ಲ.

ಎರಡನೇ ವಾರ ರೇಂಜಿಗೇ ಕರ್ಕೊಂಡು ಹೋಗ್ಲಿಲ್ಲ, ಪಟಿಂಗ್ ಗ್ರೀನಿಗೆ, ಅಂದ್ರೆ ಚೆಂಡನ್ನ ಕುಳಿಗೆ ಉರುಳ್ಸೋ ನುಣ್ಣನೆ ಹುಲ್ಲಿನ ಜಾಗಕ್ಕೆ, ಕರ್ಕೊಂಡು ಹೋದ್ರು. ಕುಳಿಯಿಂದ ಎರಡು ಹೆಜ್ಜೆ ದೂರ ಚೆಂಡಿಟ್ಟು ಉರುಳ್ಸಿ ಅಂದ್ರು. ಯಾಕೆ ಅಂತ ಕೇಳಿದಾಗ ಅವರು ಹೇಳಿದ ಲೆಕ್ಕ ನಾನು ಇವತ್ತಿಗೂ ಹೊಸಬರಿಗೆ ಹೇಳ್ತೀನಿ. ಕೋರ್ಸ್ ಅಂದ್ರೆ ಆಟ ಆಡೋ ಮೈದಾನ, ಅದರಲ್ಲಿ 18 ಕುಳಿ, ಕಡಿಮೆ ಏಟಲ್ಲಿ ಮುಗಿಸಿದವರೇ ಗೆಲ್ಲೋದು. ಎಲ್ಲ ಮುಗಿಸೋಕೆ ಪಳಗಿದವರಿಗೆ ಎಷ್ಟು ಏಟು ಬೇಕು ಅನ್ನೋ ಲೆಕ್ಕಕ್ಕೆ ಪಾರ್ ಅಂತಾರೆ, ಸಾಮಾನ್ಯವಾಗಿ 72. ಆ 72 ಇಡುವಾಗಲೇ ಪ್ರತಿ ಕುಳಿಗೂ ಗ್ರೀನ್ ಮೇಲೆ ಎರಡೆರಡು ಪಟ್, ಅಂದ್ರೆ ಉರುಳ್ಸೋ ಏಟು, ಅಂತ ಸೇರಿಸಿರ್ತಾರೆ. ಹದಿನೆಂಟೆರಡ್ಲ ಮೂವತ್ತಾರು. ಅರ್ಧಕ್ಕರ್ಧ! ಅಂದ್ರೆ ಈ ಆಟದ ಅರ್ಧ ಲೆಕ್ಕದಲ್ಲಿ ತೋಳ್ಬಲದ ಮಾತೇ ಇಲ್ಲ. ಕಣ್ಣು ಬೇಕು, ತಾಳ್ಮೆ ಬೇಕು, ಕೈಗೆ ಹದ ಗೊತ್ತಿರ್ಬೇಕು. ಅಣ್ಣ, ಇದನ್ನ ಗಂಡಸರ ಆಟ ಅನ್ನೋದು ಹೇಗೆ ಹೇಳು?

ಟೋಕಿಯೋ ಒಲಿಂಪಿಕ್ಸ್ ನೆನಪಿದೆಯಲ್ಲ ನಿನಗೆ. 2021ರ ಆಗಸ್ಟ್ 7, ಶನಿವಾರ. ನೀರಜ್ ಚೋಪ್ರಾ ಚಿನ್ನ ಗೆದ್ದ ದಿನವೇ. ಸಂಜೆ ಅವರದ್ದು, ಆದ್ರೆ ಬೆಳಗ್ಗೆ ದೇಶ ಎಲ್ಲಾ ಟಿವಿ ಮುಂದೆ ಕೂತಿದ್ದು ನಮ್ಮ ಬೆಂಗಳೂರಿನ ಹುಡುಗಿ ಅದಿತಿ ಅಶೋಕ್‌ಗೋಸ್ಕರ. ವಿಶ್ವ ಕ್ರಮಾಂಕದಲ್ಲಿ ಇನ್ನೂರನೇ ಸ್ಥಾನದಲ್ಲಿದ್ದ ಹುಡುಗಿ ಆಕೆ. ಅದೇ ವರ್ಷ ಕೋವಿಡ್ ಬಂದು ಮೈಯಲ್ಲಿ ಶಕ್ತಿ ಕುಂದಿತ್ತು, ದೂರ ಹೊಡೆಯೋದ್ರಲ್ಲಿ ಜೊತೆಯವರು ಎಷ್ಟೋ ಮುಂದೆ ಇರ್ತಿದ್ರು. ಆಕೆ ಅಷ್ಟು ಹಿಂದಿಂದ ಬಂದು ಗ್ರೀನ್ ಮೇಲೆ ಪಟರ್, ಅಂದ್ರೆ ಉರುಳ್ಸೋ ಕೋಲು, ಹಿಡಿದು ಅವರನ್ನ ಸರಿಗಟ್ಟೋಳು. ಕೊನೆಗೆ ನಾಲ್ಕನೇ ಸ್ಥಾನ, ಒಂದೇ ಒಂದು ಏಟಲ್ಲಿ ಕಂಚು ತಪ್ಪಿತು. ಚೀಲ ಹೊತ್ಕೊಂಡು ಪಕ್ಕದಲ್ಲಿ ನಡೆದಿದ್ದು ಅವರಮ್ಮ. ಆ ಮನೇಲೂ ಮೊದಲು ಯಾರೂ ಆಡ್ತಿರ್ಲಿಲ್ಲ ಅಣ್ಣ. ಮಗು ಐದಾರು ವರ್ಷದವಳಿದ್ದಾಗ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಹತ್ರದ ಹೋಟೆಲಿಗೆ ತಿಂಡಿಗೆ ಹೋಗ್ತಿದ್ರು, ಅಲ್ಲಿಂದ ರೇಂಜ್ ಕಂಡು ಕುತೂಹಲ ಹುಟ್ಟಿ ಶುರುವಾದದ್ದು. 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಆಕೆ ಬೆಳ್ಳಿ ಗೆದ್ದಳು. ಆ ತಂಡದಲ್ಲಿದ್ದ ಇನ್ನಿಬ್ಬರೂ ನಮ್ಮವರೇ: ನಮ್ಮ ಮೈಸೂರಿನ ಪ್ರಣವಿ ಅರಸ್, ಬೆಂಗಳೂರಿನ ಅವನಿ ಪ್ರಶಾಂತ್. ದೇಶದ ಹೆಂಗಸರ ತಂಡ ಅಂದ್ರೆ ಮೂರಕ್ಕೆ ಮೂರೂ ಕರ್ನಾಟಕ! ನನಗೆ ಅದನ್ನ ಹೇಳುವಾಗಲೆಲ್ಲ ಗಂಟಲು ತುಂಬಿ ಬರುತ್ತೆ.

ಗಂಡಸರ ಆಟ ಅನ್ನೋ ಮಾತು ಎಲ್ಲಿಂದ ಬಂತು ಅಂತ ಹೇಳ್ತೀನಿ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್‌ನಲ್ಲಿ 1867ರಲ್ಲೇ ಹೆಂಗಸರು ತಮ್ಮದೇ ಕ್ಲಬ್ ಕಟ್ಟಿಕೊಂಡಿದ್ರು. ಆದ್ರೆ ಹೆಣ್ಣುಮಕ್ಕಳು ತೋಳನ್ನ ಭುಜದ ಮೇಲಕ್ಕೆ ಎತ್ತಿ ಬೀಸಿದ್ರೆ ಲಕ್ಷಣ ಅಲ್ಲ ಅಂತ ಆ ಕಾಲದ ಭಾವನೆ, ಹಾಗಾಗಿ ಅವರ ಪಾಲಿಗೆ ಬರೀ ಪಟಿಂಗ್. ಅದೇ ಊರಿನ ರಾಯಲ್ ಅಂಡ್ ಏನ್ಷಿಯಂಟ್ ಕ್ಲಬ್ ಹೆಂಗಸರನ್ನ ಸದಸ್ಯರಾಗಿ ತಗೊಳ್ಳೋಕೆ ಒಪ್ಪಿದ್ದು 2014ರಲ್ಲಿ. ನಮ್ಮ ಪುಟ್ಟಿಗೆ ಮದುವೆ ಆಗಿ ಮಗು ಹುಟ್ಟಿದ ಮೇಲೆ! ಆಟ ಹೆಂಗಸರಿಗೆ ಆಗಿಬರಲ್ಲ ಅಂತಲ್ಲ, ಬಾಗಿಲು ಹಾಕಿದ್ರು ಅಷ್ಟೇ.

ದುಡ್ಡಿನ ವಿಷಯ. ಅಣ್ಣ ಹೇಳಿದ್ದು ಸುಳ್ಳಲ್ಲ. ದೊಡ್ಡ ಕ್ಲಬ್ಬುಗಳ ಮೆಂಬರ್‌ಶಿಪ್ ಲಕ್ಷಗಟ್ಟಲೆ, ಅದು ನಮ್ಮಂಥವರ ಕೈಗೆ ಸಿಗೋ ಮಾತಲ್ಲ, ಅದನ್ನ ಮುಚ್ಚಿಡಲ್ಲ. ಆದ್ರೆ ಕಲಿಯೋಕೆ ಮೆಂಬರ್‌ಶಿಪ್ ಬೇಕಾಗಿಲ್ಲ. ರೇಂಜಲ್ಲಿ ಬುಟ್ಟಿ ಲೆಕ್ಕಕ್ಕೆ ದುಡ್ಡು, ಮೇಷ್ಟ್ರ ಫೀಸು, ಕೋಲು ಬಾಡಿಗೆಗೆ. ಇದೇ ಬೆಂಗಳೂರಲ್ಲಿ ಬೇರೆಯವರ ಚೀಲ ಹೊರೋ ಕ್ಯಾಡಿಯಾಗಿ ಶುರು ಮಾಡಿದ ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ಅವರ ಮನೇಲಿ ಯಾವ ಗಂಟಿತ್ತು? ಪುಟ್ಟಿ, ನೀನು ಮಾತ್ರ ಸೆಟ್ ಕೊಳ್ಳೋಕೆ ಹೋಗಬೇಡ. ಚೀಲದಲ್ಲಿ 14 ಕೋಲು ಇಟ್ಕೋಬಹುದು ಅಂತ ನಿಯಮ, ಅದು ಹೆಚ್ಚೆಂದ್ರೆ ಅಂತ. ನಿನಗೆ ಈ ಎಂಟು ವಾರಕ್ಕೆ ಮೂರು ಸಾಕು: ಪಟರ್, ಹತ್ತಿರದ ಏಟಿಗೆ ಪಿಚಿಂಗ್ ವೆಡ್ಜ್, ನಡುವಿನ ದೂರಕ್ಕೆ 7 ಐರನ್. ಬಾಡಿಗೆ ಕೊಡುವಾಗ ಗಂಡಸರ ಕೋಲು ಕೈಗಿಟ್ರೆ ತಗೋಬೇಡ. ಹೆಂಗಸರಿಗೆ ಅಂತ ಸ್ವಲ್ಪ ಗಿಡ್ಡ, ಹಗುರ, ದಂಡ ಬಳುಕೋ ಹಾಗಿರೋದು ಇರುತ್ತೆ, ಅದನ್ನೇ ಕೇಳು. ಸಂಕೋಚ ಪಟ್ಕೊಂಡು ಭಾರದ್ದು ಬೀಸಿದ್ರೆ ಅತ್ತಿಗೆ ಹೇಳಿದ ಬೆನ್ನುನೋವು ಆಗಲೇ ಬರೋದು.

ಅತ್ತಿಗೆ, ನಿಮ್ಮ ಭಯ ನ್ಯಾಯವಾದ್ದೇ. ತೋಳಿಂದ ಎಳೆದು ಬಡಿದ್ರೆ ಸೊಂಟ ಹಿಡ್ಕೊಳ್ಳುತ್ತೆ. ಅದಕ್ಕೇ ಕ್ಲಾಸು. ನಮ್ಮ ಅಜ್ಜಿ ಒನಕೇಲಿ ಭತ್ತ ಕುಟ್ಟೋದು ನೆನಪಿದೆಯಾ ಅಣ್ಣ? ಎತ್ತೋದು ಮಾತ್ರ ಅವರು, ಇಳಿಯೋದು ಒನಕೆ ತನ್ನ ಭಾರಕ್ಕೇ. ಅದನ್ನ ಕೆಳಕ್ಕೆ ನೂಕ್ತಿರ್ಲಿಲ್ಲ, ಹಾಗಾಗೇ ಗಂಟೆಗಟ್ಟಲೆ ಕುಟ್ತಿದ್ರು. ಗಾಲ್ಫ್ ಸ್ವಿಂಗ್ ಕೂಡ ಅದೇ. ಭುಜ ತಿರುಗಿಸಿ ಮೇಲೆ ಹೋಗೋದು ನಾವು, ಇಳಿವಾಗ ಸೊಂಟ ಮೊದಲು ತಿರುಗುತ್ತೆ, ಕೋಲಿನ ತಲೆ ತನ್ನ ಭಾರಕ್ಕೆ ಬರುತ್ತೆ. ಚೆಂಡೋ, 46 ಗ್ರಾಂ ಕೂಡ ಇಲ್ಲ, ದಪ್ಪ ನಿಂಬೆಹಣ್ಣಿನಷ್ಟು. ಅದಕ್ಕೆ ಬಲ ಹಾಕೋ ಅಗತ್ಯ ಏನಿದೆ? ಇನ್ನೊಂದು ತಪ್ಪು ಎಲ್ಲ ಹೊಸಬರೂ ಮಾಡ್ತಾರೆ, ಚೆಂಡನ್ನ ಸೌಟಲ್ಲಿ ಎತ್ತಿದ ಹಾಗೆ ಮೇಲಕ್ಕೆ ಎತ್ತೋಕೆ ಹೋಗ್ತಾರೆ. ಎತ್ತೋ ಕೆಲಸ ನಮ್ಮದಲ್ಲ. ಐರನ್ನಿನ ಮುಖವೇ ಓರೆಯಾಗಿ ಮಾಡಿರ್ತಾರೆ. ನೀನು ಇಳಿಜಾರಾಗಿ ಚೆಂಡಿಗೆ ಬಾ, ಅದು ತಾನಾಗಿ ಏಳುತ್ತೆ. ನನಗೆ ಐದನೇ ವಾರ ಅದು ಸಿಕ್ಕಿತು. ಮಂಜು ಇನ್ನೂ ಇತ್ತು, ಹುಲ್ಲು ಒದ್ದೆ. ಟಕ್ ಅಂತ ಒಂದು ಸಣ್ಣ ಶಬ್ದ, ಕೈಗೆ ತಾಗಿದ್ದೇ ಗೊತ್ತಾಗ್ಲಿಲ್ಲ, ತಲೆ ಎತ್ತಿ ನೋಡಿದ್ರೆ ಚೆಂಡು ಆಕಾಶದಲ್ಲಿ ಇನ್ನೂ ಏರ್ತಾನೇ ಇದೆ. ಮೇಷ್ಟ್ರು ಏನೂ ಹೇಳ್ಲಿಲ್ಲ, ಇನ್ನೊಂದು ಚೆಂಡು ಇಟ್ರು. ಆವತ್ತು ಮನೆಗೆ ಬಂದು ನಿಮಗೇ ಫೋನ್ ಮಾಡಿದ್ದೆ ಅತ್ತಿಗೆ.

ಅಳಿಯಂದ್ರೆ, ಬೇಜಾರು ಮಾಡ್ಕೋಬೇಡಿ. ನೀವು ಚೆನ್ನಾಗಿ ಆಡ್ತೀರಿ. ಆದ್ರೆ ಕಲಿಸೋದು ಬೇರೆ ವಿದ್ಯೆ. ಅದನ್ನ ಕಲಿಸೋಕೆ ಅಂತಲೇ ನ್ಯಾಷನಲ್ ಗಾಲ್ಫ್ ಅಕಾಡೆಮಿ ಆಫ್ ಇಂಡಿಯಾ ಕೋಚುಗಳಿಗೆ ತರಬೇತಿ ಕೊಟ್ಟು ಸರ್ಟಿಫಿಕೇಟ್ ಕೊಡುತ್ತೆ. ಪುಟ್ಟಿ, ದುಡ್ಡು ಕಟ್ಟೋ ಮೊದಲು ಅದು ಇದೆಯಾ ಅಂತ ಕೇಳು. ಒಬ್ಬ ಮೇಷ್ಟ್ರಿಗೆ ಎಷ್ಟು ಜನ ಅಂತ ಕೇಳು, ಐದಾರು ಜನ ಆದ್ರೆ ಸರಿ, ಹದಿನೈದು ಅಂದ್ರೆ ನಿನ್ನ ಕೈ ನೋಡೋಕೆ ಅವರಿಗೆ ಪುರಸೊತ್ತಿರಲ್ಲ. ಪಟಿಂಗ್ ಗ್ರೀನ್ ಇದೆಯಾ, ಕೊನೇ ವಾರ ಕೋರ್ಸ್ ಮೇಲೆ ಕರ್ಕೊಂಡು ಹೋಗ್ತಾರಾ ಅಂತಲೂ ಕೇಳು. ಬರೀ ರೇಂಜಲ್ಲೇ ಎಂಟು ವಾರ ಕಳೆದ್ರೆ ಈಜು ಕಲಿಯೋಕೆ ದಡದಲ್ಲೇ ಕೂತ ಹಾಗೆ.

ಅಳಿಯಂದ್ರು ಮಾಡಬೇಕಾದ್ದು ಒಂದಿದೆ. ಶನಿವಾರ ಬೆಳಗ್ಗೆ ಮಗೂನ ಎಬ್ಬಿಸಿ ತಿಂಡಿ ಕೊಡೋದು. ನಮ್ಮ ಹೆಣ್ಣುಮಕ್ಕಳು ಅರ್ಧಕ್ಕೆ ಬಿಡೋದು ಆಟ ಕಷ್ಟ ಅಂತ ಅಲ್ಲ, ಆ ಹೊತ್ತಲ್ಲಿ ಮನೇಲಿ ಯಾರು ಅನ್ನೋ ಯೋಚನೆಗೆ. ಆಮೇಲೆ ನೀವಿಬ್ಬರೂ ಒಟ್ಟಿಗೇ ಆಡಬಹುದು. ಈ ಆಟದಲ್ಲಿ ಹ್ಯಾಂಡಿಕ್ಯಾಪ್ ಅಂತ ಇದೆ, ಅಷ್ಟು ಪಳಗದವರಿಗೆ ಲೆಕ್ಕದಲ್ಲಿ ಬಿಟ್ಟುಕೊಡೋ ಏಟು. 2020ರಿಂದ ಲೋಕಕ್ಕೆಲ್ಲ ಒಂದೇ ಪದ್ಧತಿ ಬಂತು, ಗಂಡಸರಿಗೂ ಹೆಂಗಸರಿಗೂ ಹೆಚ್ಚೆಂದ್ರೆ 54. ಸುಮಾರಾಗಿ ಹೇಳೋದಾದ್ರೆ ಹೊಸಬರಿಗೆ ಒಂದೊಂದು ಕುಳಿಗೂ ಮೂರು ಏಟು ಮಾಫಿ. ಹತ್ತು ವರ್ಷ ಆಡಿದವರೂ ನಿನ್ನೆ ಬಂದವಳೂ ಸರಿಸಮ ನಿಂತು ಆಡೋ ಆಟ ಇನ್ಯಾವುದಿದೆ?

ಬಟ್ಟೆ ಬಗ್ಗೆ ಕೇಳಿದ್ದೆಯಲ್ಲ. ಕಾಲರ್ ಇರೋ ಟೀ ಶರ್ಟು, ಸಡಿಲ ಪ್ಯಾಂಟು. ಎಷ್ಟೋ ಕಡೆ ಜೀನ್ಸ್ ಬಿಡಲ್ಲ, ಫೋನ್ ಮಾಡಿ ಕೇಳ್ಕೋ. ಮಾಮೂಲಿ ಕ್ಯಾನ್ವಾಸ್ ಶೂ ಈಗ ಸಾಕು. ಉಂಗುರ ಬಿಚ್ಚಿಟ್ಟು ಹೋಗು, ಕೈ ಬಳೆನೂ. ಟೋಪಿ, ನೀರು ಮರೀಬೇಡ.

ಮನೇಲೂ ಅಭ್ಯಾಸ ಮಾಡು. ಕೋರ್ಸಿನ ಕುಳಿ ನಾಲ್ಕೂಕಾಲು ಇಂಚು ಅಗಲ, ನಮ್ಮ ಕಾಫಿ ಡಬರದ ಬಾಯಿಯಷ್ಟು. ಹಾಲ್‌ನಲ್ಲಿ ಜಮಖಾನ ಹಾಸಿ, ಸ್ಟೀಲ್ ಲೋಟ ಮಲಗಿಸಿಟ್ಟು ಅದರೊಳಗೆ ಉರುಳ್ಸು. ಲೋಟದ ಬಾಯಿ ಇನ್ನೂ ಚಿಕ್ಕದು, ಇದರೊಳಗೆ ಹೋದ್ರೆ ಕೋರ್ಸಿನ ಕುಳಿಗೂ ಹೋಗುತ್ತೆ. ದಿನಾ ಹತ್ತು ನಿಮಿಷ. ಮಗಳೂ ಜೊತೆಗೆ ಕೂತ್ಕೊಳ್ತಾಳೆ ನೋಡು.

ನನ್ನ ಹಳೇ 7 ಐರನ್ನೂ ಪಟರ್ರೂ ಅಟ್ಟದ ಮೇಲಿದೆ, ಇವತ್ತೇ ಇಳಿಸಿ ಒರೆಸಿಡ್ತೀನಿ. ಮುಂದಿನ ವಾರ ಮದುವೆಗೆ ಬೆಂಗಳೂರಿಗೆ ಬರ್ತೀನಲ್ಲ, ತರ್ತೀನಿ. ನೀನು ನನಗಿಂತ ಎರಡಿಂಚು ಎತ್ತರ, ಹೊಂದುತ್ತಾ ಅಂತ ಮೇಷ್ಟ್ರಿಗೆ ತೋರಿಸೋಣ. ಗ್ಲೌಸ್ ಮಾತ್ರ ಹೊಸದು ನಾನೇ ಕೊಡಿಸ್ತೀನಿ, ಎಡಗೈಗೆ ಒಂದೇ ಸಾಕು. ಅಂಗೈ ಅಗಲ, ನಡುಬೆರಳಿನ ಉದ್ದ ಟೇಪಲ್ಲಿ ಅಳೆದು ರಾತ್ರಿಯೊಳಗೆ ಕಳ್ಸು. ಆಮೇಲೆ ಆ ಕ್ಲಾಸಲ್ಲಿ ಇನ್ನೊಂದು ಸೀಟು ಇದೆಯಾ ಅಂತ ಕೇಳಿಡು ಪುಟ್ಟಿ. ಅತ್ತಿಗೆ ಈಗ ಕೇಳ್ತಾ ಇದಾರೆ, ಅವರಿಗೂ 61 ಅಷ್ಟೇ.